ಬಾಗಿಲು ಎಣಿಸಿದ ವಾರ್ಡ್: ಬೆಂಗಳೂರಿನ ಅಂಚಿನ ಒಂದು ವಾರ್ಡ್ ಸಮಿತಿಯ ಪ್ರಕರಣ

ಇದು ಬೆಂಗಳೂರಿನ ಹೊರವಲಯದ ಒಂದು ವಾರ್ಡಿನ ಪ್ರಕರಣ. ಗುರುತು ಸಿಗದಂತೆ ಸ್ಥಳದ ವಿವರ ಬದಲಿಸಿದೆ, ಜನರ ಹೆಸರು ಬಿಟ್ಟಿದೆ, ವಾರ್ಡಿನ ಸಂಖ್ಯೆಗಳನ್ನು ದುಂಡಗೆ ಮಾಡಿದೆ. ಮೇಲ್ನೋಟಕ್ಕೆ ಇದು ಕೆರೆ ಏರಿಯ ಪಕ್ಕದ ಕಸದ ರಾಶಿಯ ಕಥೆ. ಒಳಗೆ ಇಳಿದರೆ, ಒಂದು ಸ್ಥಳೀಯ ಆಡಳಿತ ತನ್ನ ಜನರನ್ನು ಯಾವ ಲೆಕ್ಕದಲ್ಲಿ ನೋಡುತ್ತದೆ, ಆ ಲೆಕ್ಕಕ್ಕೆ ಸಿಗದವರಿಗೆ ಏನಾಗುತ್ತದೆ ಎಂಬ ಪ್ರಶ್ನೆ.

ಹಿನ್ನೆಲೆ

2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆಯಿತು. ಅಲ್ಲಿಯವರೆಗೆ ಈ ಪ್ರದೇಶ ಪಂಚಾಯಿತಿ ಕೈಯಲ್ಲಿತ್ತು. ರಾಗಿ, ಹೂವು, ಸೊಪ್ಪು ಬೆಳೆಯುತ್ತಿದ್ದ ಜಮೀನು, ನಡುವೆ ಕೆರೆ, ಕೆರೆಯ ಮೇಲುಗಡೆ ಹಳೇ ಊರು. ಪಾಲಿಕೆಗೆ ಸೇರುವ ಹೊತ್ತಿಗಾಗಲೇ ಜಮೀನುಗಳು ಸೈಟುಗಳಾಗತೊಡಗಿದ್ದವು.

2011ರ ಜನಗಣತಿಯಲ್ಲಿ ಪಾಲಿಕೆಯ ಒಟ್ಟು ಜನಸಂಖ್ಯೆ ಸುಮಾರು 84.4 ಲಕ್ಷ. ಆಗ ಇದ್ದ 198 ವಾರ್ಡುಗಳಿಗೆ ಹಂಚಿದರೆ ವಾರ್ಡಿಗೆ ಸರಾಸರಿ 42,600. ಆದರೆ ಸರಾಸರಿ ಎಂಬುದು ಬೆಂಗಳೂರಿನಲ್ಲಿ ಮೋಸದ ಮಾತು. ಹಳೇ ಪೇಟೆ ಭಾಗದ ವಾರ್ಡುಗಳು ಹೆಚ್ಚುಕಮ್ಮಿ ನಿಂತಲ್ಲೇ ನಿಂತಿದ್ದವು, ಅಂಚಿನವು ಓಡುತ್ತಿದ್ದವು. ಬೆಂಗಳೂರು ನಗರ ಜಿಲ್ಲೆ ಆ ದಶಕದಲ್ಲಿ ಸುಮಾರು 47% ಬೆಳೆದದ್ದರ ಬಹುಭಾರ ಬಿದ್ದದ್ದು ಅಂಚಿನ ಮೇಲೆ. 2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ. ಹೀಗಾಗಿ ಈ ವಾರ್ಡಿನಲ್ಲಿ ಯಾವ ತೀರ್ಮಾನ ಆಗಬೇಕಾದರೂ ಕಡತದಲ್ಲಿ ಸಿಗುವ ಜನಸಂಖ್ಯೆ 2011ರದ್ದೇ.

ವಾರ್ಡಿನಲ್ಲಿ ನಾಲ್ಕು ಬಗೆಯ ವಾಸ ಇದೆ. ಕೆರೆ ಮೇಲಿನ ಹಳೇ ಊರು: ಗುಡಿ, ಅರಳಿಕಟ್ಟೆ, ಇಕ್ಕಟ್ಟಿನ ಬೀದಿ, ಹಿಂದೆ ದನದ ಕೊಟ್ಟಿಗೆ ಇದ್ದ ಜಾಗದಲ್ಲಿ ಈಗ ಬಾಡಿಗೆ ಮನೆ. ರಸ್ತೆಗೆ ಅಂಟಿಕೊಂಡ ದೊಡ್ಡ ಅಪಾರ್ಟ್‌ಮೆಂಟುಗಳ ಸಾಲು. ಅವುಗಳ ಹಿಂದೆ ಸಣ್ಣ ಅಪಾರ್ಟ್‌ಮೆಂಟು, ಸ್ವಂತ ಮನೆಗಳ ಬಡಾವಣೆ. ಇನ್ನೊಂದು ಕಡೆ ರೆವಿನ್ಯೂ ಲೇಔಟ್, ಅಂದರೆ ಕೃಷಿ ಜಮೀನನ್ನು ಅನುಮೋದನೆ ಇಲ್ಲದೆ ಸೈಟು ಮಾಡಿ ಮಾರಿದ ಜಾಗ: 30×40 ಸೈಟು, ಕೆಲವು ಕಡೆ ನೆಲಮಹಡಿ ಮೇಲೆ ನಾಲ್ಕು, ಮಹಡಿಗೆ ಎರಡು ಮೂರು ಸಿಂಗಲ್ ರೂಮು. ಇವುಗಳ ಆಚೆ, ಕಟ್ಟಡ ಏಳುತ್ತಿರುವ ಕಡೆಯೆಲ್ಲ ತಗಡಿನ ಶೆಡ್ಡುಗಳು.

ವಾರ್ಡ್ ಸಮಿತಿಯ ರಚನೆಯನ್ನೂ ಇಲ್ಲೇ ಹೇಳಿಬಿಡಬೇಕು, ಮುಂದೆ ಬೇಕಾಗುತ್ತದೆ. ಆಗಿನ ನಿಯಮದಲ್ಲಿ ಪಾಲಿಕೆ ಸದಸ್ಯರ ಅಧ್ಯಕ್ಷತೆ, ಹತ್ತು ಜನ ನಾಮನಿರ್ದೇಶಿತರು. ಇಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಮೂವರಾದರೂ ಮಹಿಳೆಯರು, ಇಬ್ಬರು ನಿವಾಸಿ ಸಂಘಗಳ ಪ್ರತಿನಿಧಿಗಳು. ಬಾಡಿಗೆದಾರರಿಗೆ ಅಂತ ಒಂದು ಕುರ್ಚಿ ಇರಲಿಲ್ಲ. ಅವರಲ್ಲಿ ಬಹಳಷ್ಟು ಜನರ ಓಟು ಊರಲ್ಲೇ ಇರುತ್ತದೆ. 2015ರಲ್ಲಿ ಆಯ್ಕೆಯಾದ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು, ಚುನಾವಣೆ ನಡೆಯಲಿಲ್ಲ. ಆಮೇಲೆ ಅಧ್ಯಕ್ಷರ ಜಾಗದಲ್ಲಿ ಕೂತವರು ವಾರ್ಡಿಗೆಂದು ನೇಮಿಸಿದ ನೋಡಲ್ ಅಧಿಕಾರಿ. ಓಟು ಕೇಳಲು ಬರುವವರೂ ಇಲ್ಲದಾದಾಗ, ಸಮಿತಿಯ ಮುಂದೆ ಯಾರು ಬಂದು ಮಾತಾಡುತ್ತಾರೋ ಅವರೇ ವಾರ್ಡ್ ಆಗುತ್ತಾರೆ. ಇಲ್ಲಿ ಹಾಗೇ ಆಯಿತು.

ಸಮಸ್ಯೆ

ಕೆರೆ ಏರಿ ಮುಗಿದು ಲೇಔಟ್ ಶುರುವಾಗುವ ತಿರುವಿನಲ್ಲಿ ಕಸದ ಬ್ಲಾಕ್ ಸ್ಪಾಟ್. ವಾರಕ್ಕೆ ಒಂಬತ್ತು ಆಟೋ ಲೋಡ್ ಎತ್ತಿದರೂ ಮತ್ತೆ ಬೀಳುತ್ತಿತ್ತು. ಮಳೆ ಬಂದರೆ ಕಸದ ರಸ ನೇರ ಕೆರೆಗೆ. ಅಪಾರ್ಟ್‌ಮೆಂಟ್ ಸಾಲಿನಿಂದ ತಿಂಗಳಿಗೆ ಮೂವತ್ತರಷ್ಟು ದೂರು, ಫೋಟೋ ಸಮೇತ. ಲೇಔಟಿನಿಂದ ಎರಡು. ಇದನ್ನು ನೋಡಿ ಸಮಿತಿ ಕಟ್ಟಿಕೊಂಡ ತಿಳಿವಳಿಕೆ ಇದು: ಲೇಔಟಿನವರಿಗೆ ಮತ್ತು ಶೆಡ್ಡಿನವರಿಗೆ ಶಿಸ್ತಿಲ್ಲ, ಹೊರರಾಜ್ಯದವರು, ಗಾಡಿ ಬಂದರೂ ಕೊಡುವುದಿಲ್ಲ, ರಾತ್ರಿ ಬಂದು ಎಸೆಯುತ್ತಾರೆ. ಆರು ತಿಂಗಳ ನಡಾವಳಿ ಓದಿದರೆ ಈ ಒಂದೇ ಮಾತು ಬೇರೆ ಬೇರೆ ಪದಗಳಲ್ಲಿ ಸಿಗುತ್ತದೆ. ಗಾಡಿ ಬರುತ್ತದೆಯೇ ಎಂದು ಯಾರೂ ಕೇಳಿದ ದಾಖಲೆ ಇಲ್ಲ. ಬರುತ್ತದೆ ಎಂದು ರೂಟ್ ನಕ್ಷೆಯಲ್ಲಿ ಬರೆದಿತ್ತಲ್ಲ.

ಮೊದಲು ಮಾಡಿದ ಪ್ರಯತ್ನಗಳು

ಮೊದಲು ದಂಡ. ದಂಡ ಹಾಕುವ ಪಾಲಿಕೆಯ ಮಾರ್ಷಲ್ ಎರಡು ವಾರ ನಿಂತರು. ಕಸ 80 ಮೀಟರ್ ಆಚೆ, ಖಾಲಿ ಸೈಟಿಗೆ ಸರಿಯಿತು. ಆಮೇಲೆ ಜಾಗ ತೊಳೆದು, ರಂಗೋಲಿ ಹಾಕಿ, ಹೂಕುಂಡ ಇಟ್ಟರು. ಹತ್ತು ದಿನ ಚೆನ್ನಾಗಿತ್ತು. ರಂಗೋಲಿ ಹಾಕಿದವರ ಶ್ರಮ ದೊಡ್ಡದು, ಆದರೆ ಕೈಯಲ್ಲಿ ಕಸದ ಚೀಲ ಹಿಡಿದವರಿಗೆ ಅದನ್ನು ಎಲ್ಲಿ ಹಾಕಬೇಕೆಂದು ರಂಗೋಲಿ ಹೇಳುವುದಿಲ್ಲ.

ಮೂರನೆಯದು ಸಿಸಿಟಿವಿ. ನಿವಾಸಿ ಸಂಘವೊಂದು ದುಡ್ಡು ಹಾಕಿತು. ಪ್ರಕರಣದ ಮೊದಲ ತಿರುವು ಇದೇ ಕ್ಯಾಮೆರಾದಿಂದ ಬಂತು, ಹಾಕಿದವರು ಅಂದುಕೊಂಡ ರೀತಿಯಲ್ಲಲ್ಲ. ಸಮಿತಿಯ ಇಬ್ಬರು ಮಹಿಳಾ ಸದಸ್ಯರು ಮತ್ತು ಕಿರಿಯ ಆರೋಗ್ಯ ಪರಿವೀಕ್ಷಕರು ಕೂತು ಒಂದು ವಾರದ ದೃಶ್ಯ ನೋಡಿದರು. ರಾತ್ರಿ ಸ್ಕೂಟರಿನಲ್ಲಿ ಬಂದು ಎಸೆದು ಓಡುವವರು ಇದ್ದರು, ಆದರೆ ಕಡಿಮೆ. ಕಸ ಬೀಳುತ್ತಿದ್ದದ್ದು ಮುಖ್ಯವಾಗಿ ಬೆಳಗ್ಗೆ 5:45ರಿಂದ 7:15ರ ನಡುವೆ. ಹಾಕುತ್ತಿದ್ದವರು ಹೆಂಗಸರು. ಕುತ್ತಿಗೆಯಲ್ಲಿ ಐಡಿ ಕಾರ್ಡು, ಹೆಗಲಲ್ಲಿ ಊಟದ ಬ್ಯಾಗು, ಕೈಯಲ್ಲಿ ಗಂಟು ಹಾಕಿದ ಎರಡು ಕವರು. ಗಾರ್ಮೆಂಟ್ಸ್ ಬಸ್ಸು ನಿಲ್ಲುವ ಜಾಗಕ್ಕೆ ನಡೆದು ಹೋಗುವವರು. ಒಬ್ಬಾಕೆ ಕವರನ್ನು ಎಸೆಯದೆ ರಾಶಿಯ ಬದಿಯಲ್ಲಿ ನಿಲ್ಲಿಸಿ, ಬಿದ್ದುಹೋಗದಂತೆ ಕಲ್ಲು ಒತ್ತಿಟ್ಟು ಹೋದದ್ದು ಎರಡು ದಿನ ಕಾಣಿಸಿತು. ಎರಡು ಕವರು ಎಂದರೆ ಹಸಿ ಒಂದು, ಒಣ ಒಂದು. 2015ರ ಡಿಸೆಂಬರಿನ ಹೈಕೋರ್ಟ್ ಆದೇಶದ ನಂತರ ಊರೆಲ್ಲ ಸಾರಿದ, ಕಸ ಬೇರ್ಪಡಿಸಿ ಕೊಡಬೇಕೆಂಬ ‘ಎರಡು ಬಿನ್, ಒಂದು ಬ್ಯಾಗ್’ ಪಾಠವನ್ನು ಆಕೆ ಪಾಲಿಸುತ್ತಿದ್ದರು. ತೆಗೆದುಕೊಂಡು ಹೋಗುವ ಗಾಡಿ ಮಾತ್ರ ಇರಲಿಲ್ಲ.

ಇಲ್ಲೊಂದು ತಪ್ಪು ನಡೆಯಿತು, ಮುಚ್ಚಿಡಬಾರದು. ದೃಶ್ಯದ ತುಣುಕೊಂದು ವಾಟ್ಸ್‌ಆ್ಯಪ್ ಗುಂಪಿಗೆ ಹೋಯಿತು. ಮುಖ ನೋಡಿ ಗುರುತಿಸಿದ ಮನೆ ಮಾಲೀಕರೊಬ್ಬರು ಆ ಕುಟುಂಬಕ್ಕೆ ಮನೆ ಖಾಲಿ ಮಾಡಲು ಹೇಳಿದರು. ಸದಸ್ಯೆಯೊಬ್ಬರು ಮನೆಗೆ ಹೋಗಿ ಮಾಲೀಕರ ಹತ್ತಿರ ಮಾತಾಡಿ, ಆ ಹೆಂಗಸಿನ ಕ್ಷಮೆ ಕೇಳಿ ಸರಿಪಡಿಸಬೇಕಾಯಿತು. ಮುಂದಿನ ಸಭೆಯಲ್ಲಿ ಎರಡು ನಿರ್ಣಯ ಆದವು: ಕ್ಯಾಮೆರಾದ ದೃಶ್ಯ ಪರಿವೀಕ್ಷಕರ ಕಚೇರಿ ಬಿಟ್ಟು ಎಲ್ಲೂ ಹೋಗಬಾರದು, ಹೊಸ ಕ್ಯಾಮೆರಾ ಬೇಡ, ಮೊದಲು ಗಾಡಿಯ ಹಿಂದೆ ನಡೆದು ನೋಡಬೇಕು.

ಗಾಡಿಯ ಹಿಂದೆ

ಆಟೋ ಟಿಪ್ಪರ್ ಒಂದಕ್ಕೆ 750 ಮನೆ ಎಂಬುದು ಪಾಲಿಕೆಯ ಲೆಕ್ಕವಾಗಿತ್ತು. ಗಾಡಿ ಹೊರುವುದು ಸುಮಾರು 600ರಿಂದ 700 ಕೆಜಿ. ಬೆಳಗ್ಗೆ 6:30ರಿಂದ 10:30 ಅಂದರೆ ನಾಲ್ಕು ಗಂಟೆ, ಮನೆಗೆ 19 ಸೆಕೆಂಡು. ಒಂದೇ ಬಾಗಿಲಿನ ಬೀದಿಯಲ್ಲಿ ಇದು ಸಾಧ್ಯ.

ಲೇಔಟಿನ ಗಾಡಿಯ ಹಿಂದೆ ಮೂರು ದಿನ ನಡೆದವರಿಗೆ ಕಂಡದ್ದು ಒಂದೇ ದೃಶ್ಯ. ಆರನೇ ಕ್ರಾಸ್ ಮುಗಿಯುವಷ್ಟರಲ್ಲಿ, ಎಂಟು ಗಂಟೆ ಆಸುಪಾಸಿಗೆ, ಗಾಡಿ ತುಂಬಿತು. ಹೆಲ್ಪರ್ ಮೇಲೆ ಹತ್ತಿ ತುಳಿದು ಜಾಗ ಮಾಡಿದರು. ಏಳನೇ ಕ್ರಾಸಿನಲ್ಲಿ ಬಕೆಟ್ ಹಿಡಿದು ಬಂದವರಿಗೆ ‘ನಾಳೆ ಕೊಡಿ ಅಕ್ಕ’ ಎಂದರು. ಎಂಟನೇ ಕ್ರಾಸಿಗೆ ಹೋಗಲೇ ಇಲ್ಲ, ಕಾಂಪ್ಯಾಕ್ಟರ್ (ಆಟೋಗಳ ಕಸವನ್ನು ಒತ್ತಿ ತುಂಬಿಕೊಳ್ಳುವ ದೊಡ್ಡ ಲಾರಿ) ನಿಲ್ಲುವ ಕಡೆಗೆ ತಿರುಗಿತು. ಹೋಗಿ, ಸರದಿಯಲ್ಲಿ ನಿಂತು, ಸುರಿದು ಬರಲು 50 ನಿಮಿಷ. ಎರಡನೇ ಟ್ರಿಪ್ ಬಂದ ದಿನ ಹತ್ತು ಗಂಟೆಗೆ ಬಂತು, ಉಳಿದೆರಡು ದಿನ ಬರಲಿಲ್ಲ. ಎಂಟರಿಂದ ಹದಿನಾಲ್ಕನೇ ಕ್ರಾಸಿನ ಜನಕ್ಕೆ ದೂರದಲ್ಲಿ ಗಾಡಿಯ ಹಾಡು ಕೇಳಿಸುತ್ತದೆ, ಗಾಡಿ ಬರುವುದಿಲ್ಲ.

ಇದೇ ಹೊತ್ತಿನಲ್ಲಿ ಅಪಾರ್ಟ್‌ಮೆಂಟ್ ಸಾಲಿನ ಗಾಡಿಗಳು ಎಂಟೂವರೆಗೆ ಕೆಲಸ ಮುಗಿಸುತ್ತಿದ್ದವು.

ಏಕೆ ಹೀಗೆ? ರೂಟ್ ಹಾಕಿದವರ ಕಡತ ತೆಗೆದು ನೋಡಿದಾಗ ಉತ್ತರ ಸಿಕ್ಕಿತು. ಮನೆಗಳ ಸಂಖ್ಯೆಯನ್ನು ಆಸ್ತಿ ತೆರಿಗೆ ಪಟ್ಟಿಯಿಂದ ತೆಗೆದಿದ್ದರು. ತೆರಿಗೆ ಪಟ್ಟಿಯಲ್ಲಿ ಅಪಾರ್ಟ್‌ಮೆಂಟಿನ ಪ್ರತಿ ಫ್ಲ್ಯಾಟಿಗೂ ಒಂದು ಪಿಐಡಿ, ಅಂದರೆ ಆಸ್ತಿ ಗುರುತಿನ ಸಂಖ್ಯೆ. ಲೇಔಟಿನಲ್ಲಿ ಇಡೀ ಕಟ್ಟಡಕ್ಕೆ ಒಂದೇ ಪಿಐಡಿ. ತೆರಿಗೆ ವಸೂಲಿಗೆ ಅದು ಸರಿಯಾದ ಲೆಕ್ಕವೇ, ಕಟ್ಟಡದ ಚದರಡಿ ಸಿಕ್ಕರೆ ಸಾಕು. ಕಸ, ನೀರು, ಪೌರಕಾರ್ಮಿಕರ ಹಂಚಿಕೆಗೆ ಅದೇ ಪಟ್ಟಿಯನ್ನು ತಂದಾಗ ಒಂದು ಕಟ್ಟಡದ ಸಂಸಾರಗಳೆಲ್ಲ, ಕೆಲವು ಕಡೆ ಹತ್ತು ಹದಿಮೂರು, ಒಂದು ಮನೆಯಾಗಿಬಿಟ್ಟವು. ಶೆಡ್ಡುಗಳಿಗೆ ಪಿಐಡಿ ಇಲ್ಲ, ಆದ್ದರಿಂದ ಅಲ್ಲಿ ಸೊನ್ನೆ.

ಎಣಿಕೆ, ಮತ್ತು ಮೊದಲ ಎಣಿಕೆ ಏಕೆ ಕೆಟ್ಟಿತು

ಸಮಿತಿ ಮೂರು ಕ್ರಾಸುಗಳನ್ನು ಪರೀಕ್ಷೆಗೆ ಆರಿಸಿಕೊಂಡಿತು. ಒಟ್ಟು 90 ಕಟ್ಟಡ, ತೆರಿಗೆ ಪಟ್ಟಿಯಲ್ಲಿ 90 ಮನೆ. ಸ್ವಯಂಸೇವಕರು ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ಹೊರಟರು. ಹೆಸರು, ಫೋನ್ ನಂಬರು, ಎಷ್ಟು ಜನ, ಯಾವ ಊರು, ಎಲ್ಲ ಕೇಳುವ ಎರಡು ಪುಟದ ನಮೂನೆ. ಸಿಕ್ಕ ಸಂಖ್ಯೆ 148.

ಮೂರು ಕಾರಣಕ್ಕೆ ಅದು ತಪ್ಪು. ಬುಧವಾರ ಹನ್ನೊಂದಕ್ಕೆ ಅರ್ಧ ಮನೆಗೆ ಬೀಗ, ಬೀಗ ಹಾಕಿದ ಬಾಗಿಲನ್ನು ಖಾಲಿ ಎಂದು ಬರೆದುಕೊಂಡರು. ಮಾಲೀಕರು ಇವರನ್ನು ತೆರಿಗೆಯವರೆಂದು ತಿಳಿದು ‘ಮೇಲೆ ನಮ್ಮ ನೆಂಟರೇ ಇರೋದು’ ಎಂದರು. ಹೆಸರು ಊರು ಕೇಳಿದ್ದರಿಂದ ಬಂಗಾಳಿ, ಒಡಿಯಾ ಮಾತಾಡುವ ಕುಟುಂಬಗಳು ಹೆದರಿ ಬಾಗಿಲು ಹಾಕಿಕೊಂಡವು. ಕಾಗದ ಪತ್ರ ಕೇಳಲು ಬಂದವರು ಎಂಬ ಸುದ್ದಿ ಅರ್ಧ ಗಂಟೆಯಲ್ಲಿ ಬೀದಿ ದಾಟಿತ್ತು. ವಾರ್ಡ್ ಸಮಿತಿಗೆ ಅಂಥ ವಿವರ ಕೇಳುವ ಅಗತ್ಯವೇ ಇರಲಿಲ್ಲ. ಬೇಕಾದದ್ದು ಬಾಗಿಲುಗಳ ಸಂಖ್ಯೆ, ಬಾಗಿಲ ಹಿಂದಿನವರ ಹೆಸರಲ್ಲ.

ಎರಡನೇ ಸಲ ನಮೂನೆ ಅರ್ಧ ಪುಟಕ್ಕೆ ಇಳಿಯಿತು. ಹೆಸರಿಲ್ಲ, ಫೋನ್ ಇಲ್ಲ, ಆಧಾರ್ ಮಾತೇ ಇಲ್ಲ. ಕ್ರಾಸಿಗೆ ಒಂದು ಹಾಳೆ, ಕಟ್ಟಡಕ್ಕೆ ಒಂದು ಸಾಲು. ಕಾಲಂಗಳು ಇಷ್ಟೇ: ಮಹಡಿ ಎಷ್ಟು, ಕರೆಂಟ್ ಮೀಟರ್ ಎಷ್ಟು, ಬೇರೆ ಬೇರೆ ಅಡುಗೆ ಮಾಡುವ ಬಾಗಿಲು ಎಷ್ಟು, ಬೆಳಗ್ಗೆ ಏಳರಿಂದ ಹತ್ತರೊಳಗೆ ಮನೆಯಲ್ಲಿ ಯಾರಾದರೂ ಇರುತ್ತಾರಾ, ಮನೆ ಮಾತು ಯಾವುದು. ಹೊರಟದ್ದು ಭಾನುವಾರ ಸಂಜೆ ಐದಕ್ಕೆ. ಜೊತೆಗೆ ಆಶಾ ಕಾರ್ಯಕರ್ತೆ ಮತ್ತು ಆ ಬೀದಿ ಗುಡಿಸುವ ಪೌರಕಾರ್ಮಿಕರು. ಯಾವ ಮಹಡಿಯಲ್ಲಿ ಯಾರಿದ್ದಾರೆ ಎಂಬುದು ಇವರಿಬ್ಬರಿಗೆ ಗೊತ್ತಿರುವಷ್ಟು ಯಾವ ಕಡತಕ್ಕೂ ಗೊತ್ತಿರುವುದಿಲ್ಲ.

ಮೀಟರ್ ಲೆಕ್ಕಕ್ಕೆ ನಿಯಮ ಬೇಕಾಯಿತು. ಕೆಳಗಡೆ ಬೋರ್ಡಿನಲ್ಲಿ ಸಾಲಾಗಿ ಇರುವ ಮೀಟರುಗಳಲ್ಲಿ ಪಂಪಿನದೊಂದು, ಅಂಗಡಿ ಇದ್ದರೆ ಅದರದ್ದು ಕಳೆಯಬೇಕು. ಮೇಲೆ ತಗಡು ಹಾಕಿ ಮಾಡಿದ ರೂಮುಗಳಿಗೆ ಸ್ವಂತ ಮೀಟರ್ ಇರುವುದಿಲ್ಲ, ಕೆಳಗಿನ ಮನೆಯದ್ದೇ ವೈರು. ಒಂದು ಕಟ್ಟಡದಲ್ಲಿ 11 ಮೀಟರ್ ಇತ್ತು. ಪಂಪಿನದು ಕಳೆದರೆ 10. ಹತ್ತಿ ನೋಡಿದರೆ 13 ಬಾಗಿಲು. ಗೇಟಿನ ಪಕ್ಕದ ಫಲಕದಲ್ಲಿ ಪಿಐಡಿ ಒಂದೇ. ಮೂರು ಕ್ರಾಸಿನ ಒಟ್ಟು: ಮೀಟರ್ 214, ಬಾಗಿಲು 231. ಅಂದರೆ ಮೀಟರ್ ಎಣಿಕೆ ಬಾಗಿಲಿನ ಸಂಖ್ಯೆಗಿಂತ ಶೇ. 7ರಷ್ಟು ಮಾತ್ರ ಕಡಿಮೆ. ಉಳಿದ ಲೇಔಟಿಗೆ ಮೀಟರ್ ಎಣಿಸಿ ಆ ವ್ಯತ್ಯಾಸ ಸೇರಿಸಿದರು. ಹಳೇ ಊರಿನಲ್ಲಿ ಮಾತ್ರ ಮೀಟರ್ ಬಿಟ್ಟು ಪೂರ್ತಿ ಬಾಗಿಲನ್ನೇ ಎಣಿಸಿದರು, ಅಲ್ಲಿ ಅಣ್ಣತಮ್ಮಂದಿರ ಮೂರು ಸಂಸಾರ ಒಂದು ಮೀಟರಿನಲ್ಲಿರುತ್ತವೆ. ಇಡೀ ವಾರ್ಡಿಗೆ ಐದು ಭಾನುವಾರ, ಒಂಬತ್ತು ಜೋಡಿ ಜನ ಸಾಕಾಯಿತು.

ರೂಟ್ ಕಡತದಲ್ಲಿ ವಾರ್ಡಿಗೆ 10,400 ಮನೆ ಇತ್ತು: ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ 3,100, ಲೇಔಟಿನಲ್ಲಿ 4,200, ಹಳೇ ಊರಲ್ಲಿ 1,300, ಬಡಾವಣೆಯಲ್ಲಿ 1,800. ಅದಕ್ಕೆ 14 ಆಟೋ, ಕ್ರಮವಾಗಿ ನಾಲ್ಕು, ಆರು, ಎರಡು, ಎರಡು. ಎಣಿಕೆಯಲ್ಲಿ ಲೇಔಟಿನ 4,200 ಮನೆ 9,800 ಬಾಗಿಲಾಯಿತು. ಹಳೇ ಊರು 1,900. ಶೆಡ್ಡುಗಳಲ್ಲಿ 600ರಷ್ಟು. ಆರು ಆಟೋಗಳಿಗೆ 9,800 ಎಂದರೆ ಗಾಡಿಗೆ 1,630 ಬಾಗಿಲು, ಬಾಗಿಲಿಗೆ ಒಂಬತ್ತು ಸೆಕೆಂಡೂ ಇಲ್ಲ.

ದೊಡ್ಡ ಅಪಾರ್ಟ್‌ಮೆಂಟುಗಳ ಲೆಕ್ಕ ಇನ್ನೂ ವಿಚಿತ್ರ. ಆಗ ಇದ್ದ 2016ರ ಘನತ್ಯಾಜ್ಯ ನಿಯಮದಂತೆ ದಿನಕ್ಕೆ ಸರಾಸರಿ 100 ಕೆಜಿಗಿಂತ ಹೆಚ್ಚು ಕಸ ಬರುವ ಸಮುಚ್ಚಯಗಳು ‘ಬಲ್ಕ್’ ಉತ್ಪಾದಕರಾಗಿದ್ದವು. ಅವುಗಳ ಕಸವನ್ನು ಪಾಲಿಕೆಯ ಆಟೋ ಒಯ್ಯಬೇಕಾಗಿರಲಿಲ್ಲ, ಒಳಗೇ ಗೊಬ್ಬರ ಮಾಡಬೇಕಿತ್ತು ಅಥವಾ ಪಾಲಿಕೆಯ ಪಟ್ಟಿಯಲ್ಲಿದ್ದ ಏಜೆನ್ಸಿಗೆ ಕೊಡಬೇಕಿತ್ತು. ಹಾಗಿದ್ದೂ ನಾಲ್ಕು ಆಟೋ ಆ ಸಾಲಿನ ಹೆಸರಲ್ಲಿತ್ತು. ಯಾರ ಮನೆಗೆ ಗಾಡಿ ಬೇಕಿರಲಿಲ್ಲವೋ ಅವರ ಹೆಸರಲ್ಲಿ ನಾಲ್ಕು, ಬೇಕಾದವರಿಗೆ ಅರ್ಧ.

ಶೆಡ್ಡಿನಲ್ಲಿ ಕಂಡದ್ದು

ಮನೆ ಮಾತಿನ ಕಾಲಂ ಸಮಿತಿಯ ಇನ್ನೊಂದು ನಂಬಿಕೆಯನ್ನು ಮುರಿಯಿತು. ಶೆಡ್ಡಿನವರೆಲ್ಲ ಹಿಂದಿಯವರು ಎಂದುಕೊಂಡು ಹಿಂದಿಯಲ್ಲಿ ಕರಪತ್ರ ಅಚ್ಚು ಹಾಕಿಸಿದ್ದರು. ಎಣಿಸಿದರೆ ಹತ್ತಿರ ಹತ್ತಿರ ಅರ್ಧ ಕುಟುಂಬಗಳು ಯಾದಗಿರಿ, ರಾಯಚೂರು, ಕಲಬುರಗಿ ಕಡೆಯವು. ಮನೆಯಲ್ಲಿ ಕನ್ನಡವೇ. ಕಾಂಕ್ರೀಟ್ ಕೆಲಸಕ್ಕೆ ಹೋಗುವ ಹೆಣ್ಣುಮಗಳೊಬ್ಬರು ಹೇಳಿದ ಮಾತು ನಡಾವಳಿಯಲ್ಲಿ ಹಾಗೇ ದಾಖಲಾಗಿದೆ: “ಗಾಡಿ ಬರೂದು ಹತ್ತಕ್ಕ, ನಾವು ಏಳಕ್ಕ ಹೋಗ್ತೀವ್ರಿ. ಕಸ ಯಾರ ಕೈಯಾಗ ಕೊಡೂದ್ರಿ?” ಆರು ತಿಂಗಳ ಚರ್ಚೆಗಿಂತ ಈ ಒಂದು ಪ್ರಶ್ನೆ ನೇರವಾಗಿತ್ತು. ಅದನ್ನು ಕೇಳಲು ಯಾರೂ ಅಲ್ಲಿಗೆ ಹೋಗಿರಲಿಲ್ಲ, ಅವರಿಗೆ ಸಭೆಗೆ ಬರಲು ಆಗುತ್ತಿರಲಿಲ್ಲ. ಸಭೆ ಶನಿವಾರ ಬೆಳಗ್ಗೆ ಹನ್ನೊಂದಕ್ಕೆ, ಗಾರ್ಮೆಂಟ್ಸಿಗೂ ಕಟ್ಟಡ ಕೆಲಸಕ್ಕೂ ಶನಿವಾರ ರಜೆಯಲ್ಲ.

ಎರಡನೇ ಸಭೆಯೊಂದನ್ನು ಭಾನುವಾರ ಸಂಜೆ ಅಂಗನವಾಡಿ ಅಂಗಳದಲ್ಲಿ ಇಟ್ಟರು. ಮೊದಲ ಸಲ ಬಾಡಿಗೆದಾರರ ಪರವಾಗಿ ಮಾತಾಡಿದವರು ಮನೆ ಮಾಲೀಕರೇ. ಮುಂದಿನ ಸಲ ಕ್ರಾಸಿಗೊಂದು ಚಾಪೆ ಹಾಕಿ, ಪ್ರತಿ ಚಾಪೆಯಿಂದ ಬಾಡಿಗೆಗೆ ಇರುವವರೊಬ್ಬರು ಮೊದಲು ಮಾತಾಡಬೇಕು ಎಂದು ಮಾಡಿದರು. ಬಂಗಾಳಿ, ಒಡಿಯಾ ಮನೆಯವರ ಮಾತನ್ನು ಕನ್ನಡಕ್ಕೆ ತಂದದ್ದು ಅಲ್ಲೇ ಸರ್ಕಾರಿ ಶಾಲೆಗೆ ಹೋಗುವ ಅವರ ಮಕ್ಕಳು.

ಗಾಡಿಗಳನ್ನು ಸರಿಸಿದಾಗ

ಪ್ರಕರಣದ ಅತಿ ಕಷ್ಟದ ಘಟ್ಟ ಇದು. ಅಪಾರ್ಟ್‌ಮೆಂಟ್ ಸಾಲಿನ ನಾಲ್ಕರಲ್ಲಿ ಮೂರು ಆಟೋ ಲೇಔಟಿಗೆ ಹೋಗಲಿ, ಉಳಿದ ಒಂದು ಅಲ್ಲಿಯ ಅಂಗಡಿಗಳನ್ನೂ ಶೆಡ್ಡುಗಳನ್ನೂ ನೋಡಿಕೊಳ್ಳಲಿ ಎಂಬ ಪ್ರಸ್ತಾವ ಬಂದ ತಕ್ಷಣ ವಿರೋಧ ಎದ್ದಿತು. ಕಾರಣ ನಿಧಾನಕ್ಕೆ ಹೊರಬಂತು. ಎರಡು ಸಮುಚ್ಚಯಗಳು ಏಜೆನ್ಸಿಗೆ ಕೊಡುವ ತಿಂಗಳ ಹಣ ಉಳಿಸಲು, ಗಾಡಿಯವರಿಗೆ ಒಂದಿಷ್ಟು ಕೊಟ್ಟು ಪಾಲಿಕೆಯ ಆಟೋಗೇ ಕಸ ಹಾಕುತ್ತಿದ್ದವು. ಅಲ್ಲಿಯ ನಿವಾಸಿಗಳಿಗೇ ಇದು ಗೊತ್ತಿರಲಿಲ್ಲ, ನಿರ್ವಹಣೆ ನೋಡುವವರ ಮಟ್ಟದಲ್ಲೇ ನಡೆದಿತ್ತು. ಕೆರೆಗೆ ಕಸ ಬೀಳುತ್ತಿದೆ ಎಂದು ಅತಿ ಹೆಚ್ಚು ದೂರು ಕೊಟ್ಟವರ ಕಸವೇ, ಕೆರೆ ಬದಿಯವರ ಗಾಡಿಯ ಜಾಗ ತಿನ್ನುತ್ತಿತ್ತು.

ನೋಡಲ್ ಅಧಿಕಾರಿ ಇಲ್ಲಿ ಸರಿಯಾದ ತೀರ್ಮಾನ ತೆಗೆದುಕೊಂಡರು. ಆ ಸಮುಚ್ಚಯಗಳ ಹೆಸರು ಹಿಡಿದು ಸಭೆಯಲ್ಲಿ ಎಳೆಯಲಿಲ್ಲ. ಎಣಿಕೆಯ ಕೋಷ್ಟಕವನ್ನು ಗೋಡೆಗೆ ಅಂಟಿಸಿ, 45 ದಿನ ಗಡುವು ಕೊಟ್ಟರು: ಅಷ್ಟರಲ್ಲಿ ಎಲ್ಲ ಬಲ್ಕ್ ಸಮುಚ್ಚಯಗಳು ಏಜೆನ್ಸಿಯ ರಸೀದಿ ಅಥವಾ ಗೊಬ್ಬರದ ಘಟಕ ತೋರಿಸಬೇಕು. ಅಪಾರ್ಟ್‌ಮೆಂಟ್ ಕಡೆಯ ಇಬ್ಬರು ಸದಸ್ಯರು ಕೋಷ್ಟಕ ನೋಡಿದ ಮೇಲೆ ಪ್ರಸ್ತಾವದ ಪರ ನಿಂತರು. ಅವರಿಗೆ ಮನವರಿಕೆ ಮಾಡಿಕೊಟ್ಟದ್ದು ಭಾಷಣವಲ್ಲ, 750 ಮತ್ತು 1,630 ಎಂಬ ಎರಡು ಸಂಖ್ಯೆ.

ಲೇಔಟಿಗೆ ಒಂಬತ್ತು ಆಟೋ ಆದ ಮೇಲೂ ಗಾಡಿಗೆ 1,090 ಬಾಗಿಲು, ಒಂದು ಟ್ರಿಪ್ಪಿಗೆ ಹೆಚ್ಚೇ. ಆದ್ದರಿಂದ ಕಾಂಪ್ಯಾಕ್ಟರ್ ನಿಲ್ಲುವ ಜಾಗವನ್ನು ಲೇಔಟಿನ ಹತ್ತಿರಕ್ಕೆ ತಂದರು. 50 ನಿಮಿಷದ ಓಡಾಟ 20ಕ್ಕೆ ಇಳಿಯಿತು, ಎರಡನೇ ಟ್ರಿಪ್ ದಿನದ ಕೆಲಸದೊಳಗೆ ಕೂತಿತು.

ಬೆಳಗ್ಗೆ ಏಳಕ್ಕೆ ಮೊದಲೇ ಹೊರಡುವವರಿಗೆ ಬೇರೆ ದಾರಿ ಬೇಕಿತ್ತು. ಮೊದಲು ಸಂಜೆ ಏಳೂವರೆಯಿಂದ ಒಂಬತ್ತರವರೆಗೆ ಮೂರು ಕಡೆ ಗಾಡಿ ನಿಲ್ಲಿಸಿದರು. ಜನ ಸಂತೋಷದಿಂದ ಬಂದರು, ಯೋಜನೆ ಹನ್ನೆರಡು ದಿನಕ್ಕೆ ನಿಂತಿತು. ರಾತ್ರಿ ಕಾಂಪ್ಯಾಕ್ಟರ್ ಇಲ್ಲ, ತುಂಬಿದ ಗಾಡಿ ಬೆಳಗಿನವರೆಗೆ ಬೀದಿಯಲ್ಲಿ ಸೋರುತ್ತ ನಿಂತಿರುತ್ತಿತ್ತು, ನಾಯಿಗಳ ಕಾಟ, ನಿಂತ ಕಡೆಯ ಮನೆಯವರ ಜಗಳ. ಆಮೇಲೆ ಅದೇ ಗಾಡಿಗಳಲ್ಲಿ ಎರಡನ್ನು ಬೆಳಗ್ಗೆ 5:45ರಿಂದ 7ರವರೆಗೆ ಗಾರ್ಮೆಂಟ್ಸ್ ಬಸ್ ನಿಲ್ಲುವಲ್ಲಿ ಮತ್ತು ಶೆಡ್ಡುಗಳ ದಾರಿಯಲ್ಲಿ ನಿಲ್ಲಿಸಿ, ಅಲ್ಲಿಂದಲೇ ದಿನದ ರೂಟಿಗೆ ಹೊರಡಿಸಿದರು. ಕಸ ರಾತ್ರಿ ಕಾಯುವುದಿಲ್ಲ. ಆದರೆ ಮಹಿಳಾ ಪೌರಕಾರ್ಮಿಕರನ್ನು ಅಷ್ಟು ಹೊತ್ತಿಗೆ ದೂರದಿಂದ ಬರಹೇಳುವುದು ಸರಿಯಲ್ಲ, ಬಸ್ಸೂ ಇರುವುದಿಲ್ಲ. ವಾರ್ಡಿನಲ್ಲೇ ಇರುವ ಚಾಲಕ, ಹೆಲ್ಪರುಗಳಲ್ಲಿ ಒಪ್ಪಿದವರಿಗೆ ಮಾತ್ರ ಈ ಪಾಳಿ, ಬೇಗ ಬಂದಷ್ಟೇ ಬೇಗ ಮನೆಗೆ.

ಏನಾಯಿತು

ಮೂರು ತಿಂಗಳಲ್ಲಿ ತಿರುವಿನ ರಾಶಿ ವಾರಕ್ಕೆ ಒಂಬತ್ತು ಲೋಡಿನಿಂದ ಎರಡಕ್ಕೆ ಇಳಿಯಿತು. ಸೊನ್ನೆ ಆಗಲಿಲ್ಲ. ಉಳಿದದ್ದು ಹೊರಗಿನಿಂದ ತಂದು ಸುರಿಯುವ ಕೋಳಿ ಅಂಗಡಿ ತ್ಯಾಜ್ಯ, ಕಟ್ಟಡ ಒಡೆದ ಮಣ್ಣು. ಅದಕ್ಕೆ ಈಗ ದಂಡ ಕೆಲಸ ಮಾಡಿತು, ಏಕೆಂದರೆ ದಂಡ ಹಾಕಬೇಕಾದವರು ಯಾರೆಂದು ಈಗ ಬೇರೆಯಾಗಿ ಕಾಣುತ್ತಿತ್ತು. ಪಿಜಿಗಳಲ್ಲಿ ಮತ್ತು ರಾತ್ರಿ ಪಾಳಿಯ ಸೆಕ್ಯುರಿಟಿಯವರ ರೂಮುಗಳಲ್ಲಿ ಸಮಸ್ಯೆ ಹಾಗೇ ಉಳಿದಿದೆ.

ಏಳನೇ ತಿಂಗಳಲ್ಲಿ ಎಲ್ಲ ಹಿಂದಕ್ಕೆ ಹೋಯಿತು. ನೋಡಲ್ ಅಧಿಕಾರಿಗೆ ವರ್ಗ, ಗುತ್ತಿಗೆದಾರರೂ ಬದಲಾದರು. ಹೊಸಬರ ಕೈಗೆ ಸಿಕ್ಕಿದ್ದು ಹಳೇ ರೂಟ್ ಕಡತ. ಐದು ವಾರ ಗಾಡಿಗಳು ಮತ್ತೆ ಅಪಾರ್ಟ್‌ಮೆಂಟ್ ಸಾಲಿಗೆ ಹೋದವು, ತಿರುವಿನಲ್ಲಿ ಮತ್ತೆ ರಾಶಿ. ಉಳಿಸಿದ್ದು ಸಮಿತಿಯ ಕಾರ್ಯದರ್ಶಿಯ ಒಂದು ಅಭ್ಯಾಸ. ಪ್ರತಿ ಕ್ರಾಸಿನ ಬಾಗಿಲು ಸಂಖ್ಯೆ, ಆಟೋ ಸಂಖ್ಯೆ, ಟ್ರಿಪ್ಪುಗಳ ಕೋಷ್ಟಕವನ್ನು ಅವರು ನಡಾವಳಿಗೆ ಅನುಬಂಧವಾಗಿ ಲಗತ್ತಿಸಿ ವಲಯ ಕಚೇರಿಗೆ ಕಳಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡಿದ್ದರು. ‘ಕಸದ ಸಮಸ್ಯೆ ಕುರಿತು ಚರ್ಚಿಸಲಾಯಿತು’ ಎಂದಷ್ಟೇ ಬರೆದಿದ್ದರೆ ಹೊಸ ಅಧಿಕಾರಿಯ ಮುಂದೆ ಇಡಲು ಏನೂ ಇರುತ್ತಿರಲಿಲ್ಲ. ಕೋಷ್ಟಕ ಇದ್ದದ್ದರಿಂದ ಒಂದೇ ಸಭೆಯಲ್ಲಿ ರೂಟ್ ಮರಳಿ ಬಂತು.

ಬೇರೆ ವಾರ್ಡಿನವರಿಗೆ

ಈ ಎಣಿಕೆ ಉಪಯೋಗಕ್ಕೆ ಬರುವುದು ಕಸಕ್ಕೆ ಮಾತ್ರ ಅಲ್ಲ. ಪಾಲಿಕೆ ವಾರ್ಡಿಗೆ 60 ಲಕ್ಷವನ್ನು ಸಮಿತಿಯ ತೀರ್ಮಾನಕ್ಕೆ ಬಿಟ್ಟ ವರ್ಷ, ರಸ್ತೆ, ಪಾದಚಾರಿ ಮಾರ್ಗ, ಕೊಳವೆಬಾವಿಗೆ ತಲಾ 20 ಲಕ್ಷ ಇತ್ತು; ಪಾದಚಾರಿ ಮಾರ್ಗದ ಹಣ ಪೂರ್ತಿ ಮುಖ್ಯರಸ್ತೆಗೆ ಹೋಗಿತ್ತು, ಅರ್ಜಿ ಬಂದದ್ದು ಅಲ್ಲಿಂದ ಮಾತ್ರ. ಪೌರಕಾರ್ಮಿಕರ ಹಂಚಿಕೆ 700 ಜನಕ್ಕೊಬ್ಬರು ಎಂಬ ಲೆಕ್ಕದಲ್ಲಿ ನಡೆಯುತ್ತಿತ್ತು. ಜನಸಂಖ್ಯೆ ತಪ್ಪಿದರೆ ಗುಡಿಸುವವರ ಬೆನ್ನಿಗೆ ಎರಡು ಪಾಲು ಬೀಳುತ್ತದೆ. ಆದ್ದರಿಂದ ಯಾವುದೇ ವಾರ್ಡು ಶುರು ಮಾಡಬೇಕಾದ್ದು ಒಂದೇ ಕ್ರಾಸಿನಿಂದ: ತೆರಿಗೆ ಪಟ್ಟಿಯ ಸಂಖ್ಯೆ, ಮೀಟರ್, ಬಾಗಿಲು, ಮೂರನ್ನೂ ಪಕ್ಕಪಕ್ಕ ಬರೆಯಿರಿ. ಮೂರೂ ಹತ್ತಿರವಿದ್ದರೆ ಬೇರೆ ಕಾರಣ ಹುಡುಕಿ. ಬಾಗಿಲು ಎರಡು ಪಟ್ಟು ಇದ್ದರೆ ರೂಟ್ ಕಡತ ತೆಗೆಸಿ. ಎಣಿಕೆ ಭಾನುವಾರ ಸಂಜೆಯೇ ಇರಲಿ, ಹಾಳೆಯಲ್ಲಿ ಯಾರ ಹೆಸರೂ ಬೇಡ. ಯುಗಾದಿ, ದೀಪಾವಳಿ ವಾರ ಬೇಡ, ಅರ್ಧ ಲೇಔಟ್ ಊರಿಗೆ ಹೋಗಿರುತ್ತದೆ. ವರ್ಷಕ್ಕೊಮ್ಮೆ ಮತ್ತೆ ಎಣಿಸಿ, ಶೆಡ್ಡುಗಳನ್ನು ಆರು ತಿಂಗಳಿಗೊಮ್ಮೆ, ಕಟ್ಟಡ ಮುಗಿದರೆ ಅವು ಬೇರೆಡೆಗೆ ಹೋಗುತ್ತವೆ.

ಈಗ ಬೃಹತ್ ಪಾಲಿಕೆ ಹೋಗಿ ಐದು ಪಾಲಿಕೆಗಳಾಗಿವೆ. ವಾರ್ಡ್ ಗಡಿಗಳು ಮತ್ತೆ ಬದಲಾಗಿವೆ, ಆಧಾರ ಮಾತ್ರ ಇನ್ನೂ 2011ರ ಗಣತಿ. ಹೊಸ ಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಈ ವಾರ್ಡಿನ ಕ್ರಾಸ್ ಹಾಳೆಗಳು ವಾರ್ಡ್ ಕಚೇರಿಯ ಬೀರುವಿನಲ್ಲಿವೆ. 11 ಮೀಟರಿನ ಆ ಕಟ್ಟಡದಲ್ಲಿ ಕಳೆದ ಎಣಿಕೆಗೆ ಮೇಲೆ ಇನ್ನೆರಡು ತಗಡಿನ ರೂಮು ಎದ್ದಿದ್ದವು: 15 ಬಾಗಿಲು, ಪಿಐಡಿ ಒಂದು.